ಟಚ್‌ಡೌನ್ ಇಲ್ಲದ ಗುರುವಾರ

ದಸರೆಯ ಗೊಂಬೆಗಳನ್ನು ಹಳೇ ಪಂಚೆಯ ಚೂರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದಾಗ ಆಫೀಸಿನ ಗೆಳೆಯನ ಫೋನ್ ಬಂತು. ಅವನ ಮಗನಿಗೆ ಜ್ವರ. ಸಂಜೆಯ ಬ್ರಾಂಕೋಸ್ ತಂಡದ ಅಮೆರಿಕನ್ ಫುಟ್‌ಬಾಲ್ ಮ್ಯಾಚಿನ ಎರಡು ಟಿಕೆಟ್ ಸುಮ್ನೆ ಹಾಳಾಗ್ತವೆ, ನಿನಗೆ ಬೇಕಾ ಅಂದ. 2022ರ ಅಕ್ಟೋಬರ್ 6, ಗುರುವಾರ. ಹಿಂದಿನ ದಿನವಷ್ಟೇ ವಿಜಯದಶಮಿ ಮುಗಿದಿತ್ತು.

"ನಾಳೆ ಅವಳಿಗೆ ಸ್ಕೂಲಿದೆ ರೀ," ಎಂದಳು ಹೆಂಡತಿ. ಅಷ್ಟರಲ್ಲಿ ಮಗಳು ಕಿತ್ತಳೆ ಬಣ್ಣದ ಟೀಶರ್ಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಾಗಿತ್ತು.

ನಿಜ ಹೇಳಬೇಕೆಂದರೆ ನನಗೆ ನೋಡಬೇಕಿದ್ದದ್ದು ಒಬ್ಬನನ್ನೇ, ರಸೆಲ್ ವಿಲ್ಸನ್‌ನನ್ನು. ಡೆನ್ವರ್ ಬ್ರಾಂಕೋಸ್ ತಂಡಕ್ಕೆ ಅವನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ನನ್ನ ಫ್ಯಾಂಟಸಿ ಟೀಮಿಗೂ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಅವರ ಆಟಕ್ಕೆ ಪಾಯಿಂಟ್ ಲೆಕ್ಕ ಹಾಕುವ ನಮ್ಮ ಆಟದ ಟೀಮಿಗೂ, ಅವನೇ. ನಾಲ್ಕು ವಾರದಿಂದ ಅವನನ್ನು ಇಟ್ಟುಕೊಳ್ಳಲೋ ಬಿಡಲೋ ಅಂತ ಒದ್ದಾಡುತ್ತಿದ್ದೆ. ಟೀವಿಯಲ್ಲಿ ಗೊತ್ತಾಗದ್ದು ಮೈದಾನಕ್ಕೆ ಹೋದರೆ ಗೊತ್ತಾಗುತ್ತೆ ಅನ್ನೋ ಆಸೆ.

ಊರಲ್ಲಿ ಡ್ರೀಮ್ 11 ಆಡುತ್ತಿದ್ದವರಿಗೆ ಈ ಒದ್ದಾಟ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅಲ್ಲಿ ಇವತ್ತಿನ ಮ್ಯಾಚಿಗೆ ಇವತ್ತೇ ಟೀಮ್ ಕಟ್ಟಿ, ನಾಳೆ ಮರೆತರೆ ಆಗುತ್ತಿತ್ತು. ಇಲ್ಲಿ ಹಾಗಲ್ಲ. ಸೆಪ್ಟೆಂಬರ್ ಶುರುವಿನಲ್ಲಿ ಹತ್ತು ಜನ ಒಂದು ಕಡೆ ಕೂತು, ಸರದಿ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತೇವೆ. ಒಬ್ಬ ಆರಿಸಿದ ಮೇಲೆ ಆ ಆಟಗಾರ ಇನ್ನೊಬ್ಬನಿಗೆ ಸಿಗುವುದಿಲ್ಲ. ಆಮೇಲೆ ಜನವರಿಯವರೆಗೆ ಅವರ ಜೊತೆಗೇ ಸಂಸಾರ. ಕ್ವಾರ್ಟರ್‌ಬ್ಯಾಕ್ 25 ಯಾರ್ಡ್ ಎಸೆದರೆ ಒಂದು ಪಾಯಿಂಟ್. ಅವನ ಎಸೆತಕ್ಕೆ ಟಚ್‌ಡೌನ್ ಆದರೆ, ಅಂದರೆ ಚೆಂಡು ಎದುರಾಳಿಯ ಕೊನೆ ಗೆರೆ ದಾಟಿದರೆ, ನಾಲ್ಕು, ತಾನೇ ಓಡಿ ಟಚ್‌ಡೌನ್ ಮಾಡಿದರೆ ಆರು. ಎದುರಾಳಿ ಚೆಂಡು ಹಿಡಿದುಬಿಟ್ಟರೆ, ಅಂದರೆ ಇಂಟರ್‌ಸೆಪ್ಷನ್ ಆದರೆ, ನಮ್ಮ ಲೀಗಿನಲ್ಲಿ ಎರಡು ಕಳೆಯುತ್ತಾರೆ.

ವಿಲ್ಸನ್‌ನನ್ನು ನಾನು ಆರನೇ ಸುತ್ತಿನಲ್ಲಿ ತಗೊಂಡಿದ್ದೆ. ಜಾಸ್ತಿಯಾಯಿತು ಅಂತ ಅಕೌಂಟ್ಸ್ ವಿಭಾಗದ ಗೆಳೆಯ ಅಲ್ಲೇ ನಕ್ಕಿದ್ದ. ಆದರೆ ನಾವಿರುವುದು ಡೆನ್ವರ್ ಪಕ್ಕದ ಅರೋರಾದಲ್ಲಿ. ಆ ಬೇಸಿಗೆ ಇಡೀ ಊರಿಗೇ ಹುಚ್ಚು ಹಿಡಿದಿತ್ತು. ಸಿಯಾಟಲ್‌ನಲ್ಲಿ ಹತ್ತು ಸೀಸನ್ ಆಡಿದವನು, 2014ರ ಫೈನಲ್ ಪಂದ್ಯ ಸೂಪರ್ ಬೌಲ್‌ನಲ್ಲಿ ಇದೇ ಡೆನ್ವರ್ ತಂಡವನ್ನು 43-8ರಿಂದ ಸೋಲಿಸಿದವನು, ಈಗ ನಮ್ಮವನಾಗಿದ್ದ. ಅವನಿಗಾಗಿ ಬ್ರಾಂಕೋಸ್ ಮೂವರು ಆಟಗಾರರನ್ನು ಕೊಟ್ಟಿತ್ತು. ಅದರ ಮೇಲೆ, ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟಿನ ಮೊದಲ ಸುತ್ತಿನ ಎರಡು ಆಯ್ಕೆ, ಎರಡನೇ ಸುತ್ತಿನ ಎರಡು, ಐದನೇ ಸುತ್ತಿನ ಒಂದು. ಸೀಸನ್ ಶುರುವಾಗುವ ಮುಂಚೆಯೇ ಐದು ವರ್ಷಕ್ಕೆ 24.5 ಕೋಟಿ ಡಾಲರಿನ ಹೊಸ ಒಪ್ಪಂದ ಬೇರೆ. ಅವರು ಇಷ್ಟು ಸುರಿದಿರುವಾಗ ನನ್ನದೊಂದು ಆರನೇ ಸುತ್ತು ಯಾವ ಲೆಕ್ಕ, ಅಲ್ವಾ?

ಮೊದಲ ವಾರ ಸಿಯಾಟಲ್‌ನಲ್ಲೇ ಪಂದ್ಯ. 340 ಯಾರ್ಡ್, ಒಂದು ಟಚ್‌ಡೌನ್. ಡೆನ್ವರ್ 17-16ರಿಂದ ಸೋತಿತು, ನನಗೆ ಮಾತ್ರ 17 ಪಾಯಿಂಟ್ ಚಿಲ್ಲರೆ ಬಂತು. ಎರಡನೇ ವಾರ 219 ಯಾರ್ಡ್, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್. 31 ಎಸೆತದಲ್ಲಿ ಅವನ ತಂಡದವರು ಹಿಡಿದದ್ದು 14. ಮೂರನೇ ವಾರ 184 ಯಾರ್ಡ್, ಟಚ್‌ಡೌನ್ ಇಲ್ಲ, ಎಸೆತದ ಲೆಕ್ಕಕ್ಕೆ ಬರೀ ಏಳು ಪಾಯಿಂಟ್. ರೋಸಿಹೋಗಿ ನಾಲ್ಕನೇ ವಾರ ಬೆಂಚಿನಲ್ಲಿ ಕೂರಿಸಿದೆ. ಅವತ್ತೇ ರೇಡರ್ಸ್ ತಂಡದ ಎದುರು ಎರಡು ಟಚ್‌ಡೌನ್ ಎಸೆದ, ಒಂದನ್ನು ತಾನೇ ಓಡಿ ಮುಗಿಸಿದ. 26 ಪಾಯಿಂಟ್ ನನ್ನ ಬೆಂಚಿನ ಮೇಲೆ ಕೊಳೆಯಿತು.

ಅದೇ ಭಾನುವಾರ ಇನ್ನೊಂದು ನಡೆಯಿತು. ಸಿಯಾಟಲ್‌ನಲ್ಲಿ ವಿಲ್ಸನ್ ಜಾಗಕ್ಕೆ ಬಂದವನು ಜೀನೋ ಸ್ಮಿತ್. ವರ್ಷಗಟ್ಟಲೆ ವಿಲ್ಸನ್ ಹಿಂದೆ ಬೆಂಚು ಕಾದವನು. ನಮ್ಮ ಹತ್ತು ಜನರಲ್ಲಿ ಒಬ್ಬರೂ ಅವನ ಹೆಸರೆತ್ತಿರಲಿಲ್ಲ. ಡೆಟ್ರಾಯಿಟ್‌ನಲ್ಲಿ ಅವನು 320 ಯಾರ್ಡ್ ಎಸೆದು, ಒಟ್ಟು ಮೂರು ಟಚ್‌ಡೌನ್ ಗಿಟ್ಟಿಸಿ, ತಂಡವನ್ನು 48-45ರಿಂದ ಗೆಲ್ಲಿಸಿದ. ಬುಧವಾರ ಬೆಳಿಗ್ಗೆ ನೋಡಿದರೆ ಅಕೌಂಟ್ಸಿನವನು ಅವನನ್ನು ಪುಕ್ಕಟೆ ಎತ್ತಿಕೊಂಡಿದ್ದ. ನಾನೂ ಎತ್ತಬಹುದಿತ್ತು. ಅದಕ್ಕೆ ಒಬ್ಬನನ್ನು ಬಿಡಬೇಕಿತ್ತು, ಯಾರನ್ನು ಅಂತ ನಿಮಗೆ ಗೊತ್ತು. ಕೈ ಬರಲಿಲ್ಲ. ಹೇಗೂ ರೇಡರ್ಸ್ ಎದುರು ಆಡಿದ ಆಟ ಕಣ್ಣಲ್ಲಿತ್ತು. ಗುರುವಾರಕ್ಕೆ ವಿಲ್ಸನ್‌ನನ್ನೇ ಮತ್ತೆ ಲೈನ್‌ಅಪ್ಪಿಗೆ ಹಾಕಿದೆ.

ಕ್ರೀಡಾಂಗಣದಲ್ಲಿ ನಮ್ಮ ಸೀಟು ತೀರಾ ಮೇಲೆ. ಸ್ಕೋರ್‌ಬೋರ್ಡಿನ ನೆತ್ತಿಯ ಮೇಲೆ ನಿಂತ ಬಿಳಿ ಕುದುರೆ ನಮ್ಮ ಕಣ್ಣಿನ ಮಟ್ಟಕ್ಕೇ ಇದ್ದಂತಿತ್ತು. ಎದುರಾಳಿ ಎಸೆದ ಚೆಂಡು ನೆಲಕ್ಕೆ ಬಿದ್ದಾಗಲೆಲ್ಲ ಸಾವಿರಾರು ಜನ ಒಟ್ಟಿಗೆ "ಇನ್-ಕಂ-ಪ್ಲೀಟ್" ಅಂತ ಕೂಗುತ್ತಾರೆ. ಕಬ್ಬಿಣದ ನೆಲವನ್ನು ಕಾಲಲ್ಲಿ ಬಡಿಯುತ್ತಾರೆ, ಎದೆಯೊಳಗೆ ಡೋಲು ಬಾರಿಸಿದ ಹಾಗೆ. ಮಗಳು ಚೀಲದಿಂದ ಕೊಬ್ಬರಿ ಮಿಠಾಯಿ ತೆಗೆದಳು. ಹೊರಗಿನ ತಿಂಡಿ ಒಳಗೆ ಹೇಗೆ ಬಂತು ಅಂತ ನಾನು ಕೇಳಲಿಲ್ಲ.

ಆಟದ ಬಗ್ಗೆ ಹೇಳುವಂಥದ್ದು ಕಡಿಮೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ್ದೂ ಅದೇ ಪಾಡು. ಎರಡೂ ಕಡೆ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ, ಮೂರು ಪಾಯಿಂಟಿನ ಫೀಲ್ಡ್ ಗೋಲುಗಳೇ. ಮೂರು, ಮತ್ತೆ ಮೂರು. ಮದುವೆ ಮನೆಗೆ ಹೋಗಿ ಉಪ್ಪಿನಕಾಯಿ ಮಾತ್ರ ತಿಂದು ಬಂದ ಹಾಗೆ. ನಾನು ಒಂದು ಕಣ್ಣು ಮೈದಾನದಲ್ಲಿ, ಇನ್ನೊಂದು ಫೋನಿನಲ್ಲಿ ಇಟ್ಟಿದ್ದೆ. ಅಲ್ಲಿ ಒಂದು ಸಂಗತಿ ಕಾಣತೊಡಗಿತು. ವಿಲ್ಸನ್‌ಗೆ ಯಾರ್ಡ್ ಬರುತ್ತಿತ್ತು. ಮೈದಾನದ ನಡುವೆ ಉದ್ದನೆಯ ಎಸೆತ, ಇಪ್ಪತ್ತು, ಇಪ್ಪತ್ತೈದು. ನನ್ನ ಪಾಯಿಂಟ್ ಹನಿ ಹನಿಯಾಗಿ ಏರುತ್ತಿತ್ತು. ಗೆರೆ ಹತ್ತಿರ ಬಂದ ಕೂಡಲೇ ಎಲ್ಲ ನಿಂತುಹೋಗುತ್ತಿತ್ತು. ಜಾಗ ಚಿಕ್ಕದಾಗುತ್ತೆ, ಹಿಂದಕ್ಕೆ ಓಡಿ ಕಾಲ ಕಳೆಯೋಕೆ ಆಗಲ್ಲ, ತಕ್ಷಣ ಎಸೀಬೇಕು. ಸಿಯಾಟಲ್‌ನಲ್ಲಿ ಅವನ ಸೊಗಸೆಲ್ಲ ಅತ್ತ ಇತ್ತ ಓಡಿ, ಕಾದು, ಆಕಾಶಕ್ಕೆ ತೂರಿ ಬಿಡುವುದರಲ್ಲಿತ್ತು. ಇಲ್ಲಿ ಕಾಯುವಷ್ಟರಲ್ಲಿ ಮೈಮೇಲೆ ಬೀಳುತ್ತಿದ್ದರು. ಅವತ್ತು ನಾಲ್ಕು ಸಲ ಚೆಂಡು ಕೈಯಲ್ಲಿರುವಾಗಲೇ ಕೆಡವಿದರು. ಯಾರ್ಡ್ ನೋಡಿ ಆಟಗಾರನನ್ನು ಅಳೆಯುವ ನನ್ನಂಥವರು ಎಡವುವುದು ಇಲ್ಲೇ.

ಕೊನೆಯ ಭಾಗ, ಎರಡು ನಿಮಿಷ ಚಿಲ್ಲರೆ ಬಾಕಿ. ಡೆನ್ವರ್ 9-6ರಿಂದ ಮುಂದಿತ್ತು. ಕೋಲ್ಟ್ಸ್ ಗೆರೆಗೆ 13 ಯಾರ್ಡ್. ಚೆಂಡು ಹಿಡಿದುಕೊಂಡು ಸುಮ್ನೆ ಬಿದ್ದರೂ ಸಾಕು, ಒಂದು ಫೀಲ್ಡ್ ಗೋಲು ಒದ್ದು ಮುಗಿಸಬಹುದು. ವಿಲ್ಸನ್ ಎಸೆದ. ಕೋಲ್ಟ್ಸ್‌ನ ಸ್ಟೆಫನ್ ಗಿಲ್ಮೋರ್ ಗೆರೆಯಾಚೆ, ಎಂಡ್ ಝೋನ್‌ನಲ್ಲಿ ಹಿಡಿದ. ಅವತ್ತಿನ ಎರಡನೇ ಇಂಟರ್‌ಸೆಪ್ಷನ್. ಫೋನಿನಲ್ಲಿ ಎರಡು ಪಾಯಿಂಟ್ ಕಳೆದದ್ದು ಕೆಂಪಕ್ಷರದಲ್ಲಿ ಕಂಡಿತು. ಕೋಲ್ಟ್ಸ್ ವಾಪಸ್ ಬಂದು ಐದು ಸೆಕೆಂಡ್ ಬಾಕಿ ಇರುವಾಗ ಸಮ ಮಾಡಿತು.

ಆಮೇಲೆ ನಡೆದದ್ದನ್ನು ನಾನು ಯಾವ ಆಟದಲ್ಲೂ ಕಂಡಿರಲಿಲ್ಲ. 9-9, ಓವರ್‌ಟೈಮ್ ಶುರುವಾಗಬೇಕು, ಜನ ಎದ್ದು ಮನೆಗೆ ಹೊರಟರು. ಸಾಲು ಸಾಲಾಗಿ, ಮೆಟ್ಟಿಲು ತುಂಬ. ಮಾತಿಲ್ಲ. "ಅಪ್ಪ, ಇವರಿಗೆ ಮ್ಯಾಚ್ ಮುಗೀತು ಅಂತ ಅನ್ಕೊಂಡ್ರಾ?" ಅಂತ ಮಗಳು ಕೇಳಿದಳು. ಇಲ್ಲಮ್ಮ, ಮುಗಿದಿಲ್ಲ ಅಂತ ಗೊತ್ತಿದ್ದೇ ಹೋಗ್ತಿದ್ದಾರೆ ಅಂದೆ. ನಾವು ಕೂತೆವು. ನನಗೆ ಇನ್ನೂ ಒಂದು ಟಚ್‌ಡೌನಿನ ಆಸೆ ಇತ್ತು.

ಓವರ್‌ಟೈಮಿನಲ್ಲಿ ಕೋಲ್ಟ್ಸ್ ಮೊದಲು ಒದ್ದು 12-9 ಮಾಡಿತು. ಡೆನ್ವರ್ ಕೋಲ್ಟ್ಸ್ ಗೆರೆಗೆ ಐದು ಯಾರ್ಡ್ ಹತ್ತಿರ ಬಂತು. ನಾಲ್ಕನೇ ಪ್ರಯತ್ನ, ಅದೇ ಕೊನೆಯದು; ಚೆಂಡು ಉಳಿಸಿಕೊಳ್ಳಲು ಬೇಕಾದದ್ದು ಒಂದು ಯಾರ್ಡ್. ಒದ್ದರೆ ಸಮ. ಕೋಚ್ ನಥಾನಿಯಲ್ ಹ್ಯಾಕೆಟ್ ಒದೆಯುವುದು ಬೇಡ, ಗೆಲ್ಲೋಣ ಅಂದರು. ಮೇಲಿನಿಂದ ನಮಗೆ ಮೈದಾನ ಚದುರಂಗದ ಹಲಗೆಯ ಹಾಗೆ ಕಾಣುತ್ತಿತ್ತು. ಚೆಂಡು ಕೈಗೆ ಬಂತು. ಕೆ.ಜೆ. ಹ್ಯಾಮ್ಲರ್ ಅಂತ ಡೆನ್ವರ್‌ನವನೊಬ್ಬ, ಸುತ್ತ ಒಂದು ನರಪಿಳ್ಳೆ ಇಲ್ಲದೆ ಒಂಟಿಯಾಗಿದ್ದ. ಮಗಳು ಎದ್ದು ನಿಂತು ಕೈ ತೋರಿಸಿದಳು. "ಅಲ್ಲಿ! ಅಲ್ಲಿ!" ವಿಲ್ಸನ್ ಆ ಕಡೆ ನೋಡಲಿಲ್ಲ. ತಂಡದ ಇನ್ನೊಬ್ಬ, ಕೋರ್ಟ್‌ಲ್ಯಾಂಡ್ ಸಟನ್ ಕಡೆಗೆ ಎಸೆದ. ಮತ್ತೆ ಅದೇ ಗಿಲ್ಮೋರ್, ಚೆಂಡನ್ನು ಬಡಿದು ಕೆಡವಿದ. ಪಂದ್ಯ ಮುಗಿಯಿತು. ಕೆಳಗೆ ಹ್ಯಾಮ್ಲರ್ ಹೆಲ್ಮೆಟ್ ಕಿತ್ತು ನೆಲಕ್ಕೆ ಅಪ್ಪಳಿಸಿದ. ಆ ಸದ್ದು ನಮ್ಮವರೆಗೆ ಬರಲಿಲ್ಲ, ಹೆಲ್ಮೆಟ್ ಪುಟಿದದ್ದು ಮಾತ್ರ ಕಂಡಿತು.

274 ಯಾರ್ಡ್, ಟಚ್‌ಡೌನ್ ಸೊನ್ನೆ, ಇಂಟರ್‌ಸೆಪ್ಷನ್ ಎರಡು. ಓಟದ ಪುಡಿ ಲೆಕ್ಕ ಬಿಟ್ಟರೆ ಏಳು ಪಾಯಿಂಟ್.

ರೈಲಿನಲ್ಲಿ ಮಗಳು ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ನಾನು ವಿಲ್ಸನ್ ಪರವಾಗಿ ವಕೀಲಿಕೆ ಶುರು ಮಾಡಿದೆ. ಹೋದ ವಾರ ಚೆಂಡು ಹಿಡಿದು ಓಡುವ ಜವಾಂಟೆ ವಿಲಿಯಮ್ಸ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗೆ ಹೋದ, ಓಟಕ್ಕೆ ಜನ ಇಲ್ಲ. ಹೊಸ ಕೋಚ್, ಹೊಸ ಪಾಠ. ವಿಲ್ಸನ್‌ಗೆ ಭುಜ ನೋವಂತೆ ಅಂತ ಆಗಲೇ ಸುದ್ದಿ ಇತ್ತು. ಮಾರನೇ ದಿನವೇ ಅವನು ಭುಜಕ್ಕೆ ಇಂಜೆಕ್ಷನ್ ಹಾಕಿಸಿಕೊಂಡದ್ದು ಆಮೇಲೆ ತಿಳಿಯಿತು. ಎಲ್ಲ ನಿಜವೇ. ಆದರೆ ಇವೇ ಕಾರಣಗಳು ಬೇರೆಯವರ ಟೀಮಿನ ಆಟಗಾರನಿಗೆ ಇದ್ದಿದ್ದರೆ ಅವನನ್ನು ನಾನು ಮುಟ್ಟುತ್ತಿದ್ದೆನಾ? ಪುಕ್ಕಟೆ ಸಿಕ್ಕರೂ ಬೇಡ ಅನ್ನುತ್ತಿದ್ದೆ.

ಮನೆಗೆ ಬಂದಾಗ ಗೊಂಬೆಗಳೆಲ್ಲ ಒಳಗೆ ಹೋಗಿದ್ದವು. ಪಟ್ಟದ ರಾಜ ಮಾತ್ರ ಮೇಜಿನ ಮೇಲಿದ್ದ. ಅವನ ಬಲಗೈ ಪ್ರತಿ ವರ್ಷ ಕಳಚುತ್ತೆ. ಅಂಟು ಒಣಗಲಿ ಅಂತ ಹೆಂಡತಿ ಕೈಗೆ ದಾರ ಬಿಗಿದು ನಿಲ್ಲಿಸಿದ್ದಳು. ಹೊಸ ಜೋಡಿ ತರೋಣ ಅಂತ ನಾನು ಹೇಳಿದಾಗಲೆಲ್ಲ "ಅಮ್ಮ ಮದುವೇಲಿ ಕೊಟ್ಟಿದ್ದು ರೀ" ಅನ್ನುತ್ತಾಳೆ. ಅಲ್ಲಿಗೆ ಮಾತು ಮುಗೀತು.

"ಏನಾಯ್ತು?"

"ಸೋತರು."

"ನಿಮ್ಮೋನು?"

ನಾನು ಫೋನ್ ತೋರಿಸಿದೆ. ಅವಳಿಗೆ ಆ ಲೆಕ್ಕ ಅರ್ಥವಾಗುವುದಿಲ್ಲ, ಆದರೂ ಏಳು ಅನ್ನೋದು ಏಳೇ. "ಬಿಟ್ಟಾಕಿ ಮತ್ತೆ," ಅಂದು ದೀಪ ಆರಿಸಿ ಹೋದಳು. ಬಿಡುವ ಗುಂಡಿ ಒತ್ತಿದೆ. ಖಂಡಿತಾ ಬಿಡಬೇಕಾ ಅಂತ ಕೇಳಿತು. ರದ್ದು ಮಾಡಿ ಮಲಗಿದೆ.

ಬಿಟ್ಟದ್ದು ಒಂಬತ್ತನೇ ವಾರ, ಬ್ರಾಂಕೋಸ್‌ಗೆ ಆಟವಿಲ್ಲದ ವಾರದಲ್ಲಿ. ಖಾಲಿ ಜಾಗಕ್ಕೆ ಹೇಗೂ ಒಬ್ಬ ಬೇಕಿತ್ತು, ಹಾಗಾಗಿ ತೀರ್ಮಾನ ಅನ್ನಿಸಲೇ ಇಲ್ಲ. ಅಷ್ಟರಲ್ಲಿ ನನ್ನ ಸೀಸನ್ ಹಳ್ಳ ಹಿಡಿದಿತ್ತು. ಅದಕ್ಕೆ ವಿಲ್ಸನ್‌ನನ್ನು ಬೈದು ಪ್ರಯೋಜನವಿಲ್ಲ, ಗುಂಡಿ ನನ್ನ ಕೈಯಲ್ಲೇ ಇತ್ತು. ಡೆನ್ವರ್ ಕ್ರಿಸ್‌ಮಸ್ ದಿನ 51-14ರಿಂದ ಸೋತು ಮಾರನೇ ದಿನ ಹ್ಯಾಕೆಟ್ ಅವರನ್ನು ಕಳಿಸಿತು. ವರ್ಷದ ಕೊನೆಗೆ ವಿಲ್ಸನ್ ಲೆಕ್ಕ 3,524 ಯಾರ್ಡ್, 16 ಟಚ್‌ಡೌನ್, 11 ಇಂಟರ್‌ಸೆಪ್ಷನ್. 55 ಸಲ ಕೆಡವಿಸಿಕೊಂಡಿದ್ದ. ಜೀನೋ ಎಸೆದ ಟಚ್‌ಡೌನ್ 30. ಅಕೌಂಟ್ಸಿನವನು ಫೈನಲ್ ತಲುಪಿದ.

ಆ ಫೈನಲ್ ವಾರ, 2023ರ ಜನವರಿ 1. ನನಗೆ ಆಟವಿಲ್ಲ. ಬಿಸಿಬೇಳೆಬಾತ್ ತಟ್ಟೆ ಹಿಡಿದು ಸೋಫಾದಲ್ಲಿ ಕೂತು ಕನ್ಸಾಸ್ ಸಿಟಿ ಎದುರಿನ ಪಂದ್ಯ ನೋಡುತ್ತಿದ್ದೆ. ವಿಲ್ಸನ್ ಒಂದು ಟಚ್‌ಡೌನ್ ಎಸೆದ. ಎರಡು ಸಲ ಸಂದು ಹುಡುಕಿ ತಾನೇ ಓಡಿ ಗೆರೆ ದಾಟಿದ, ಹಳೇ ಸಿಯಾಟಲ್ ದಿನಗಳ ಹಾಗೆ. ಮಗಳು ನನ್ನ ಫೋನ್ ಕಿತ್ತುಕೊಂಡು ಲೀಗಿನ ಪಟ್ಟಿ ತೆಗೆದು ನೋಡಿದಳು. ನಾನು ಬಿಟ್ಟ ಮೇಲೆ ಅವನನ್ನು ಯಾರೂ ಎತ್ತಿಕೊಂಡಿರಲಿಲ್ಲ.

"ಹಂಗಾದ್ರೆ ಈ ಪಾಯಿಂಟ್ ಯಾರಿಗೆ ಹೋಯ್ತು ಅಪ್ಪ?"

"ಯಾರಿಗೂ ಇಲ್ಲ," ಅಂದೆ. ಅವಳು ಫೋನ್ ವಾಪಸ್ ಕೊಟ್ಟು, ಉಪ್ಪಿನಕಾಯಿ ಹಾಕಿಕೊಳ್ಳೋಕೆ ಅಡುಗೆಮನೆಗೆ ಹೋದಳು.