ಎಡಿನ್‌ಬರೋ ಫ್ರಿಂಜ್‌ಗೆ ಹೋಗುವವರೇ, ಮ್ಯಾಪ್ ನಂಬಬೇಡಿ

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರತಿ ಆಗಸ್ಟಿನಲ್ಲಿ ನಡೆಯುವ ನಾಟಕೋತ್ಸವ ಫ್ರಿಂಜ್‌ಗೆ ನಾನೂ ಅಮ್ಮನೂ ಹೋಗಿದ್ದೆವು. ಮ್ಯಾಪಿನ ಪ್ರಕಾರ ನಾವು ಥಿಯೇಟರಿನ ಬಾಗಿಲಲ್ಲೇ ನಿಂತಿದ್ದೆವು. ಎದುರಿಗೆ ಬಾಗಿಲೇ ಇಲ್ಲ. ಜಾರ್ಜ್ ದ ಫೋರ್ತ್ ಬ್ರಿಡ್ಜಿನ ಕಟ್ಟೆ ಹಿಡಿದು ಬಗ್ಗಿ ನೋಡಿದರೆ, ಎಷ್ಟೋ ಆಳದಲ್ಲಿ ಕೌಗೇಟ್ ಅನ್ನೋ ಇನ್ನೊಂದು ರಸ್ತೆ. ನಮ್ಮ ನಾಟಕದ ಕ್ಯೂ ಅಲ್ಲಿ ಒಳಗೆ ಹೋಗುತ್ತಿತ್ತು! ಎಡಿನ್‌ಬರೋದಲ್ಲಿ ಒಂದು ರಸ್ತೆಯ ಮೇಲೆ ಇನ್ನೊಂದು ರಸ್ತೆ ಹಾದುಹೋಗುತ್ತದೆ. ಮ್ಯಾಪಿನಲ್ಲಿ ಎರಡೂ ಕೂಡಿದ ಹಾಗೆ ಕಾಣುತ್ತದೆ. ಸುತ್ತಿ ಇಳಿಯುವಷ್ಟರಲ್ಲಿ ಎಂಟು ನಿಮಿಷ ತಡ. ಒಳಗೆ ಬಿಡಲಿಲ್ಲ. ಎರಡು ಟಿಕೆಟಿನ 28 ಪೌಂಡ್ ಹೋಯಿತು. ಎರಡು ನಾಟಕಗಳ ನಡುವೆ ಮುಕ್ಕಾಲು ಗಂಟೆಯಾದರೂ ಬಿಡಿ.

ರೂಮಿನ ಕಥೆಯೂ ಹಾಗೇ. 'ನಡೆದರೆ ಹತ್ತು ನಿಮಿಷ' ಅಂತ ಹಾಕಿದ್ದರು. ಮೆಟ್ಟಿಲಿನ ವಿಷಯ ಹಾಕಿರಲಿಲ್ಲ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಸುರುಳಿ ಮೆಟ್ಟಿಲು. ಅಮ್ಮನಿಗೆ ಮಂಡಿನೋವು. ಪ್ರತಿ ಮಹಡಿಗೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇದಕ್ಕೆ ರಾತ್ರಿಗೆ 130 ಪೌಂಡ್. ಹಿರಿಯರು ಜೊತೆಗಿದ್ದರೆ ಲಿಫ್ಟ್ ಇದೆಯಾ ಅಂತ ಬರೆದು ಕೇಳಿ, ಉತ್ತರ ಬಂದ ಮೇಲೇ ದುಡ್ಡು ಕಟ್ಟಿ. ಆಗಸ್ಟಿನಲ್ಲಿ ಕಾಲೇಜಿಗೆ ರಜೆ ಇರುವುದರಿಂದ ವಿದ್ಯಾರ್ಥಿಗಳ ಹಾಸ್ಟೆಲ್ ರೂಮುಗಳನ್ನು ಬಾಡಿಗೆಗೆ ಕೊಡುತ್ತಾರೆ. ನಾನು ಅದನ್ನು ಮೊದಲು ನೋಡಬೇಕಿತ್ತು.

ಜನಜಂಗುಳಿಗೆ ಹೆದರಬೇಡಿ. ಸಾಗರದ ಮಾರಿಕಾಂಬಾ ಜಾತ್ರೆ ನೋಡಿದವರಿಗೆ ಅಲ್ಲಿನ ಹಳೇ ಪೇಟೆಯ ಮುಖ್ಯ ರಸ್ತೆ ರಾಯಲ್ ಮೈಲ್ ಏನೂ ಅಲ್ಲ. ಕೊಡೆ ಮಾತ್ರ ಒಯ್ಯಬೇಡಿ, ಗಾಳಿ ಜಾಸ್ತಿ. ರೇನ್‌ಕೋಟೇ ಸರಿ.

ಊಟಕ್ಕೆ ನಿಕೋಲ್ಸನ್ ಸ್ಕ್ವೇರ್ ಹತ್ತಿರದ ಮಾಸ್ಕ್ ಕಿಚನ್‌ಗೆ ಹೋಗಿ. ನಾಲ್ಕು ದಿನ ಬ್ರೆಡ್ಡು, ಚಿಪ್ಸು ತಿಂದು ಸೋತಿದ್ದೆವು. ಅಲ್ಲಿ ಕೌಂಟರಿನಲ್ಲಿ ಬೆರಳು ತೋರಿಸಿದರೆ ಸಾಕು. ತಟ್ಟೆ ತುಂಬ ಹಬೆಯಾಡುವ ಅನ್ನ, ಮೇಲೆ ಗಟ್ಟಿ ಬೇಳೆ, ಪಕ್ಕದಲ್ಲಿ ಕಡಲೆಕಾಳಿನ ಪಲ್ಯ. ಅಮ್ಮ ಮೊದಲ ತುತ್ತಿಗೇ, "ಇಂಥ ಜಾಗ ಇದೆ ಅಂತ ಮೊದಲೇ ಹೇಳಬಾರದಿತ್ತೇನೇ?" ಅಂದಳು. ಆಮೇಲೆ ದಿನಾ ಅಲ್ಲೇ. ಪೇಟೆಯ ಬೇರೆ ಹೋಟೆಲುಗಳಲ್ಲಿ ಒಬ್ಬರಿಗೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ಇಬ್ಬರ ಹೊಟ್ಟೆ ತುಂಬಿತು.

ದುಬಾರಿ ಟಿಕೆಟುಗಳನ್ನು ಮೊದಲೇ ಕೊಂಡು ದಿನ ತುಂಬಿಸಿಕೊಳ್ಳಬೇಡಿ. 1947ರಲ್ಲಿ ಎಡಿನ್‌ಬರೋದ ದೊಡ್ಡ ಅಂತಾರಾಷ್ಟ್ರೀಯ ಉತ್ಸವಕ್ಕೆ ಕರೆಯದೇ ಹೋಗಿ ಎಂಟು ತಂಡಗಳು ಆಡಿದ್ದರಿಂದಲೇ ಫ್ರಿಂಜ್ ಹುಟ್ಟಿದ್ದು. ನಮ್ಮ ಹೆಗ್ಗೋಡಿನ ನೀನಾಸಂ ಶುರುವಾಗುವುದಕ್ಕೆ ಎರಡೇ ವರ್ಷ ಮೊದಲು. ಇವತ್ತಿಗೂ ಯಾರು ಬೇಕಾದರೂ ಆಡಬಹುದು, ಆಯ್ಕೆ ಸಮಿತಿ ಇಲ್ಲ. ಮೂರು ಸಾವಿರಕ್ಕೂ ಜಾಸ್ತಿ ಪ್ರದರ್ಶನ. ಟಿಕೆಟ್ ಕೊಳ್ಳದೇ ನೋಡಬಹುದಾದವೂ ಬೇಕಾದಷ್ಟಿವೆ.

ಅಂಥದ್ದೇ ಒಂದು, ಪಬ್ಬಿನ ನೆಲಮಾಳಿಗೆಯಲ್ಲಿ. ಇಪ್ಪತ್ತು ಕುರ್ಚಿ, ಒಂದೇ ದೀಪ. ಒಬ್ಬಳೇ ಹುಡುಗಿ ತನ್ನ ಅಜ್ಜಿಯೂ ಆಗಿ, ತಾನೂ ಆಗಿ ಒಂದು ಗಂಟೆ ಆಡಿದಳು. ಮುಗಿದ ಮೇಲೆ ತಾನೇ ಪ್ಲಾಸ್ಟಿಕ್ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಳು. ಬೆವರಿನಲ್ಲಿ ಬಣ್ಣ ಇಳಿಯುತ್ತಿತ್ತು. ಅಮ್ಮ ಹತ್ತು ಪೌಂಡಿನ ನೋಟು ಹಾಕಿ ಅವಳ ಕೈ ಹಿಡಿದುಕೊಂಡಳು. ಚಿಲ್ಲರೆ, ಸಣ್ಣ ನೋಟು ಜೇಬಿನಲ್ಲಿರಲಿ. ಅವರ ಸಂಪಾದನೆ ಆ ಬಕೆಟ್ಟಿನಲ್ಲೇ.

ಅಡಿಕೆ ತೋಟ ಇರುವವರು ಫ್ರಿಂಜಿನ ಕೊನೆಯ ವಾರ ಹೋಗಿ. ನಾವು ಮೊದಲ ವಾರ ಹೋಗಿ, ತೋಟದಲ್ಲಿ ಕೊಳೆರೋಗದ ಔಷಧಿ ಹೊಡೆಯುವವರಿಗೆ ಅಲ್ಲಿಂದಲೇ ದಿನಾ ಫೋನ್ ಮಾಡಬೇಕಾಯಿತು.