ಕೊನೆಯ ಕ್ಲಿಕ್ ಗೆಲ್ಲಬೇಕಾದದ್ದು ಎಲ್ಲಿ, ಗೆಲ್ಲಬಾರದ್ದು ಎಲ್ಲಿ

ಬಳಕೆದಾರರೊಬ್ಬರು ಪಟ್ಟಿಯಲ್ಲಿರುವ ಒಂದು ಲಿಂಕನ್ನು ಒತ್ತಿ, ಪುಟ ತೆರೆಯುವುದು ತಡವಾಯಿತೆಂದು ಅದರ ಕೆಳಗಿನ ಲಿಂಕನ್ನು ಒತ್ತುತ್ತಾರೆ. ಎರಡನೆಯದರ ಉತ್ತರ ಮೊದಲು ಬಂದು ಪರದೆಯ ಮೇಲೆ ಮೂಡುತ್ತದೆ. ಅವರು ಓದತೊಡಗುವಷ್ಟರಲ್ಲಿ ಮೊದಲನೆಯದರ ಉತ್ತರ ತಡವಾಗಿ ಬಂದು ಅದನ್ನು ಅಳಿಸಿ ಆ ಜಾಗದಲ್ಲಿ ಕುಳಿತುಬಿಡುತ್ತದೆ. ನಾನು ಬರೆದ ಆ್ಯಪ್ ಒಂದರಲ್ಲಿ ಈ ದೋಷ ತಿಂಗಳುಗಟ್ಟಲೆ ಅಡಗಿತ್ತು, ಏಕೆಂದರೆ ಸರ್ವರ್ ನನ್ನ ಕಂಪ್ಯೂಟರಿನಲ್ಲೇ ಇದ್ದುದರಿಂದ ಉತ್ತರಗಳು ಕೇಳಿದ ಕ್ರಮದಲ್ಲೇ ಬರುತ್ತಿದ್ದವು.

ಜಾವಾಸ್ಕ್ರಿಪ್ಟ್ ಒಂದೇ ಥ್ರೆಡ್‌ನಲ್ಲಿ (ಒಂದು ಬಾರಿಗೆ ಒಂದೇ ಕೆಲಸವಾಗಿ) ನಡೆಯುವುದರಿಂದ ಇಂಥ ರೇಸ್ ಕಂಡಿಷನ್, ಅಂದರೆ ಯಾವುದು ಮೊದಲು ಮುಗಿಯುತ್ತದೆ ಎಂಬುದರ ಮೇಲೆ ಫಲಿತಾಂಶ ನಿಲ್ಲುವ ದೋಷ, ಹುಟ್ಟಲಾರದು ಎಂದು ನಾನು ನಂಬಿದ್ದೆ. ಒಂದು ಈವೆಂಟ್ ಹ್ಯಾಂಡ್ಲರ್ (ಕ್ಲಿಕ್ಕಿಗೆ ಸ್ಪಂದಿಸುವ ಕೋಡ್) ನಡೆಯುತ್ತಿರುವಾಗ ಇನ್ನೊಂದು ಕ್ಲಿಕ್ ನಡುವೆ ನುಗ್ಗದು ಎಂಬುದು ನಿಜವೇ. ಆದರೆ ಹ್ಯಾಂಡ್ಲರಿನೊಳಗೆ ಅವೇಟ್ (ಉತ್ತರ ಬರುವವರೆಗೆ ಕಾಯುವ ಸೂಚನೆ) ಬಂದೊಡನೆ ನಿಯಂತ್ರಣವು ಕಾದಿರುವ ಕೆಲಸಗಳನ್ನು ಒಂದೊಂದಾಗಿ ನಡೆಸುವ ಈವೆಂಟ್ ಲೂಪಿಗೆ ಮರಳುತ್ತದೆ, ಆ ಬಿಡುವಿನಲ್ಲಿ ಎಷ್ಟು ಕ್ಲಿಕ್‌ಗಳಾದರೂ ಒಳಬರಬಹುದು. ಹೊಸ ಲಿಂಕ್ ಒತ್ತಿದಾಗ ಹಳೆಯ ಕೋರಿಕೆಯನ್ನು ಅಬಾರ್ಟ್‌ಕಂಟ್ರೋಲರ್ ಮೂಲಕ ರದ್ದುಮಾಡುವುದು, ಜೊತೆಗೆ ಪ್ರತಿ ಕೋರಿಕೆಗೂ ಒಂದು ಕ್ರಮಸಂಖ್ಯೆ ಕೊಟ್ಟು ಇತ್ತೀಚಿನದರ ಉತ್ತರವನ್ನು ಮಾತ್ರ ತೋರಿಸುವುದು, ಇವೆರಡನ್ನೂ ಈಗ ನಾನು ತಪ್ಪದೆ ಮಾಡುತ್ತೇನೆ.

ಅದಕ್ಕೂ ಮೊದಲು, ಆ ಕ್ಲಿಕ್ಕನ್ನು ನಾವು ತಡೆಹಿಡಿಯಬೇಕೇ ಎಂದು ಕೇಳಿಕೊಳ್ಳಬೇಕು. ಕಂಟ್ರೋಲ್ ಕೀಲಿ ಹಿಡಿದು ಅಥವಾ ಮೌಸಿನ ನಡುಗುಂಡಿಯಿಂದ ಒತ್ತಿದವರು ಹೊಸ ಟ್ಯಾಬ್ ಬಯಸಿದ್ದಾರೆ. ಅಲ್ಲಿ ಬ್ರೌಸರಿನ ಸಹಜ ಕ್ರಿಯೆಯನ್ನು ತಡೆಯುವ ಪ್ರಿವೆಂಟ್‌ಡಿಫಾಲ್ಟ್ ಕರೆಯುವುದು ಅವರ ಕೈಯಿಂದ ಬ್ರೌಸರನ್ನು ಕಸಿದುಕೊಂಡಂತೆ.

ಸರ್ವರಿನಿಂದ ಮಾಹಿತಿ ಓದುವ ಕೆಲಸದಲ್ಲಿ ಕೊನೆಯ ಕ್ಲಿಕ್ಕಿನ ಮಾತು ನಡೆದರೆ ಸಾಕು. ಅಲ್ಲಿನ ಮಾಹಿತಿಯನ್ನು ಸೇರಿಸುವ, ಬದಲಿಸುವ ಅಥವಾ ಅಳಿಸುವ, ಅಂದರೆ ಬರೆಯುವ ಕೆಲಸಕ್ಕೆ ಇದೇ ನಿಯಮವನ್ನು ಹೊಂದಿಸಲು ಹೋದರೆ ಎಡವುತ್ತೇವೆ, ಏಕೆಂದರೆ ರದ್ದತಿ ನಮ್ಮ ಕಡೆಯ ಕಾಯುವಿಕೆಯನ್ನು ನಿಲ್ಲಿಸುತ್ತದೆಯೇ ಹೊರತು, ಅಷ್ಟರಲ್ಲಿ ಸರ್ವರ್ ಮುಗಿಸಿರಬಹುದಾದ ಕೆಲಸವನ್ನು ಹಿಂತೆಗೆಯುವುದಿಲ್ಲ. ಎರಡನೆಯ ಸಲ ಒತ್ತದಂತೆ ಫಾರ್ಮಿನ ಗುಂಡಿಯನ್ನು ನಿಷ್ಕ್ರಿಯಗೊಳಿಸುವುದು ಒಳ್ಳೆಯ ಸೌಜನ್ಯ, ಆದರೆ ಅದು ರಕ್ಷಣೆಯಲ್ಲ: ಅದೇ ಪುಟ ಎರಡು ಟ್ಯಾಬ್‌ಗಳಲ್ಲಿ ತೆರೆದಿರಬಹುದು, ಸಂಪರ್ಕ ಕಡಿದು ಅದೇ ಕೋರಿಕೆ ಮತ್ತೊಮ್ಮೆ ಹೋಗಬಹುದು. ಹಾಗಾಗಿ ಫಾರ್ಮ್ ತೆರೆದಾಗಲೇ ಒಂದು ಅನನ್ಯ ಕೀಲಿಯನ್ನು (ಬೇರೆಲ್ಲೂ ಬಳಸದ ಗುರುತನ್ನು) ಸೃಷ್ಟಿಸಿ ಕೋರಿಕೆಯೊಡನೆ ಕಳುಹಿಸಬೇಕು. ಆ ಕೀಲಿ ಈಗಾಗಲೇ ಇದೆಯೇ ಎಂದು ಮೊದಲು ನೋಡಿ ನಂತರ ಸೇರಿಸುವ ಕೋಡ್ ಸಾಲದು. ಎರಡು ಕೋರಿಕೆಗಳು ಒಟ್ಟಿಗೇ ನೋಡಿ, ಎರಡಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಗಬಹುದು. ಡೇಟಾಬೇಸಿನ ಯೂನಿಕ್ ನಿರ್ಬಂಧವೇ (ಒಂದೇ ಮೌಲ್ಯ ಎರಡು ಬಾರಿ ಸೇರದಂತೆ ತಡೆಯುವ ನಿಯಮ) ತೀರ್ಪು ಕೊಡಬೇಕು, ಅದೂ ಮೂಲ ಕೆಲಸ ನಡೆಯುವ ಟ್ರಾನ್ಸಾಕ್ಷನ್ನಿನೊಳಗೇ (ಪೂರ್ತಿಯಾಗಿ ಆಗುವ, ಇಲ್ಲವೇ ಏನೂ ಆಗದ ಕೆಲಸಗಳ ಗುಂಪು).

ಇಬ್ಬರು ಒಂದೇ ದಾಖಲೆಯನ್ನು ತಿದ್ದುತ್ತಿರುವಾಗಂತೂ ಕೊನೆಯವರು ಗೆದ್ದರೆ ಮೊದಲಿನವರ ಶ್ರಮ ಸದ್ದಿಲ್ಲದೆ ನೀರುಪಾಲಾಗುತ್ತದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲಿ ಇದಕ್ಕೆ ದಾರಿಯಿದೆ: ಓದುವಾಗ ಸಿಕ್ಕ ಇಟ್ಯಾಗ್ ಮೌಲ್ಯವನ್ನು (ದಾಖಲೆಯ ಆ ಆವೃತ್ತಿಯ ಗುರುತನ್ನು) ಬರೆಯುವಾಗ ಇಫ್-ಮ್ಯಾಚ್ ಹೆಡರಿನಲ್ಲಿ ಕಳುಹಿಸಿದರೆ, ನಡುವೆ ದಾಖಲೆ ಬದಲಾಗಿದ್ದಲ್ಲಿ ಸರ್ವರ್ 412 (ಷರತ್ತು ಈಡೇರಲಿಲ್ಲ) ಎಂದು ತಿರಸ್ಕರಿಸುತ್ತದೆ. ಆಗ ಬಳಕೆದಾರರು ಟೈಪ್ ಮಾಡಿದ್ದನ್ನು ಎಸೆಯದೆ, ಎರಡು ರೂಪಗಳನ್ನೂ ಅಕ್ಕಪಕ್ಕ ತೋರಿಸುವುದು ನಮ್ಮ ಹೊಣೆ.

ಬರೆಯುವ ಕೆಲಸ ಸಾಮಾನ್ಯ ಲಿಂಕಿನ ಹಿಂದೆ ಇರಲೇಬಾರದು. 2005ರಲ್ಲಿ ಪುಟಗಳನ್ನು ಬೇಗ ತೆರೆಯಲೆಂದು ಬಂದ ಗೂಗಲ್ ವೆಬ್ ಆ್ಯಕ್ಸೆಲರೇಟರ್ ಪುಟದ ಲಿಂಕ್‌ಗಳನ್ನು ಯಾರೂ ಒತ್ತುವ ಮೊದಲೇ ತಂದಿಡತೊಡಗಿದಾಗ, ಅಳಿಸುವ ಕ್ರಿಯೆಯನ್ನು ಗೆಟ್ ಕೋರಿಕೆಯಲ್ಲಿ (ಲಿಂಕ್ ಒತ್ತಿದಾಗ ಹೋಗುವ ಸಾಮಾನ್ಯ ಕೋರಿಕೆ) ಇಟ್ಟಿದ್ದ ಆ್ಯಪ್‌ಗಳಲ್ಲಿ ದತ್ತಾಂಶ ಅಳಿದುಹೋಯಿತು. ಗೆಟ್ ಸುರಕ್ಷಿತ ವಿಧಾನವೆಂದು, ಅಂದರೆ ಅದು ಏನನ್ನೂ ಬದಲಿಸಬಾರದೆಂದು, ಮಾನಕವೇ ಹೇಳಿರುವಾಗ ಆ ಸಾಧನವೊಂದರ ಮೇಲೇ ಗೂಬೆ ಕೂರಿಸುವುದು ಸರಿಯಲ್ಲ.

ಈಗ ನನ್ನ ಪರೀಕ್ಷೆಗಳಲ್ಲಿ ಮೊದಲ ಉತ್ತರವನ್ನು ಬೇಕೆಂದೇ 2 ಸೆಕೆಂಡು ತಡೆಹಿಡಿದು, ಎರಡನೆಯದನ್ನು ತಕ್ಷಣ ಬಿಡುತ್ತೇನೆ. ಬಳಿಕ ಒಂದೇ ಕೀಲಿಯ ಎರಡು ಕೋರಿಕೆಗಳನ್ನು ಬೇರೆಬೇರೆ ಸಂಪರ್ಕಗಳಿಂದ ಒಟ್ಟಿಗೆ ಕಳುಹಿಸಿ, ಟೇಬಲಿನಲ್ಲಿ ಒಂದೇ ಸಾಲು ಇದೆಯೇ ಎಂದು ಎಣಿಸುತ್ತೇನೆ.