ಗೌಜಲಹಕ್ಕಿಗೆ ಬದು ಉಳಿಸಿ

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಬೆದ್ದಲು ಹೊಲಗಳಲ್ಲಿ ಗೌಜಲಹಕ್ಕಿ ಉಳಿಯುವುದೂ ಹೋಗುವುದೂ ಬದುವಿನ ಮೇಲೆ ನಿಂತಿದೆ. ಅದು ಹುಲ್ಲಿನ ಬುಡದಲ್ಲೋ ಪೊದೆಯ ಕೆಳಗೋ ನೆಲ ಕೆದರಿ ಆರೆಂಟು ಮೊಟ್ಟೆ ಇಡುತ್ತದೆ. ಸುಮಾರು 18 ದಿನ ಕಾವು.

ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಹಾಕಲೇಬೇಡಿ. ಮರಿ ಮಾಡುವ ಕಾಲ ಶುರುವಾಗುವುದೇ ಆಗ. ಐದಾರು ಅಡಿ ಅಗಲ ಹುಲ್ಲು ಬಿಡಿ, ನಡುವೆ ಕಾರೆ, ಬಂದರಿಕೆಯಂಥ ಪೊದೆಗಿಡಗಳಿರಲಿ. ಹುಲ್ಲು ಬೇಕೆಂದರೆ ರಾಗಿ ಕೊಯ್ಲಾದ ಮೇಲೆ ಈ ವರ್ಷ ಅರ್ಧ ಬದು, ಮುಂದಿನ ವರ್ಷ ಇನ್ನರ್ಧ ಕೊಯ್ಯಿರಿ. ಲಂಟಾನ ದಟ್ಟವಾದರೆ ಅಡಿಯಲ್ಲಿ ಹುಲ್ಲೇ ಬೆಳೆಯದು. ಅದನ್ನು ಬೇರುಸಹಿತ ಕೀಳಿ.

ಬಹಳ ಜನ ಎಡವುವುದು ಕಳೆನಾಶಕದಲ್ಲಿ. ಮರಿಗಳು ಮೊದಲ ವಾರಗಳಲ್ಲಿ ಬದುಕುವುದು ಗೆದ್ದಲು, ಇರುವೆ, ಮಿಡತೆ ತಿಂದು. ಬದುವಿಗೆ ಔಷಧಿ ಹೊಡೆದರೆ ಕಳೆಯ ಜೊತೆ ಹುಳುವೂ ಹೋಗುತ್ತದೆ, ಆಮೇಲೆ ಎಷ್ಟು ಕಾಳು ಚೆಲ್ಲಿದರೂ ಮರಿ ಉಳಿಯದು. ನೀರಿಗೆ ಎರಡು ಇಂಚು ಆಳದ ಮಣ್ಣಿನ ತಟ್ಟೆ ಸಾಕು, ಒಳಗೆ ಕಲ್ಲಿಡಿ. ಆಳವಾದ ತೊಟ್ಟಿಯಲ್ಲಿ ಮರಿ ಮುಳುಗುತ್ತವೆ. ನಾಯಿಯನ್ನು ಮರಿ ಮಾಡುವ ತಿಂಗಳುಗಳಲ್ಲಿ ಹೊಲಕ್ಕೆ ಬಿಡಬೇಡಿ.

ಉರುಳು, ಬಲೆ ಕಂಡರೆ ಕಿತ್ತುಹಾಕಿ ಅರಣ್ಯ ಇಲಾಖೆಗೆ ತಿಳಿಸಿ. ಸ್ವಂತ ಜಮೀನೇ ಆದರೂ ಗೌಜಲಹಕ್ಕಿಯ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.